ಗೌರಿಬಿದನೂರಿನ ಕಂಬದ ಹೊಲವೂ ಮಖೆ ಪಕ್ಕದ ಸತ್ತ ನಕ್ಷತ್ರವೂ

ಬೆಂಗಳೂರು–ಹಿಂದೂಪುರ ಬಸ್ಸಿನವರಿಗೆ ಗೌರಿಬಿದನೂರು ಅಂದರೆ ಇಳಿದು ಟೀ ಕುಡಿಯುವ ಊರು. ಮುಸುಕಿನ ಜೋಳದ ವ್ಯಾಪಾರದವರಿಗೆ ಮಂಡಿ ಇರುವ ಊರು. ವಿದುರಾಶ್ವತ್ಥಕ್ಕೆ ಹೊರಟವರಿಗೆ ದಾರಿ ಮೇಲಿನ ಊರು. ಆದರೆ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕೂತು ಆಕಾಶ ಓದುವ ಒಂದು ಪಂಗಡಕ್ಕೆ ಈ ಹೆಸರು ಬೇರೆಯೇ ಕಾರಣಕ್ಕೆ ಪರಿಚಿತ. 2001ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದ ಒಂದು ಪ್ರಬಂಧದ ತಲೆಬರಹದಲ್ಲೇ ಗೌರಿಬಿದನೂರಿನ ಹೆಸರಿದೆ. ಬರೆದವರು ಆಶಿಶ್ ಅಸ್ಗೇಕರ್ ಮತ್ತು ಅವಿನಾಶ್ ದೇಶಪಾಂಡೆ. ವಿಷಯ, ಒಂದು ಸತ್ತ ನಕ್ಷತ್ರದ ನೆತ್ತಿಯ ಮೇಲೆ ಸುತ್ತುವ ಕಿಡಿಗಳು.

ಅದನ್ನು ಇಲ್ಲಿಂದ ನೋಡಿದ್ದಾದರೂ ಹೇಗೆ? ನೋಡಲಿಲ್ಲ, ಕೇಳಿದರು. ಕೇಳಿದ್ದು ಊರಾಚೆಯ ಒಂದು ಬಯಲಿನಲ್ಲಿ, ಸಾಲಾಗಿ ನೆಟ್ಟ ಕಂಬ, ಕಂಬಕ್ಕೆ ಕಟ್ಟಿದ ತಂತಿಗಳಿಂದ.

ಎರಡು ಕಿವಿ

ಮೊದಲು ಒಂದು ಗೊಂದಲ ತೀರಿಸಬೇಕು. ‘ಅದೇ ಅಲ್ವಾ ಭೂಕಂಪದ ಸೆಂಟರು, ಪಾಕಿಸ್ತಾನದ ಬಾಂಬ್ ಹಿಡಿದಿದ್ದು?’ ಅಂತ ಬಸ್ಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಬೇರೆ. ಅದು ಭಾಭಾ ಅಣು ಸಂಶೋಧನಾ ಕೇಂದ್ರದ್ದು, 1965ರಿಂದ ಇದೆ, ನೆಲದ ಅದುರನ್ನು ಅಳೆಯುತ್ತದೆ. 1998ರ ಮೇ ತಿಂಗಳಲ್ಲಿ ಪಾಕಿಸ್ತಾನ ಅಣುಬಾಂಬ್ ಸಿಡಿಸಿದಾಗ ಆ ಅದುರು ಅಲ್ಲಿ ದಾಖಲಾಯಿತು. ಒಂದೇ ತಾಲೂಕಿನಲ್ಲಿ ನೆಲಕ್ಕೊಂದು ಕಿವಿ, ಮುಗಿಲಿಗೊಂದು ಕಿವಿ. ಇಲ್ಲಿ ಹೇಳಹೊರಟಿರುವುದು ಮುಗಿಲ ಕಿವಿಯ ಕಥೆ.

ಈ ಕಿವಿಯನ್ನು 1970ರ ದಶಕದಲ್ಲಿ ಕಟ್ಟಿದವರು ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯವರು. ಎರಡೂ ಬೆಂಗಳೂರಿನವೇ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾ. ಪೂರ್ವ ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್ ಉದ್ದದ ಸಾಲು, ಅದರ ನಡುವಿನಿಂದ ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್ ಇನ್ನೊಂದು. ತಟ್ಟೆಯಿಲ್ಲ, ಗುಮ್ಮಟವಿಲ್ಲ, ತಿರುಗುವ ಯಂತ್ರವಿಲ್ಲ. ಅದು ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್. ಅಂಗಡಿಯ ಹಳೇ ರೇಡಿಯೋದಲ್ಲಿ ಶಾರ್ಟ್‌ವೇವ್ ಮುಳ್ಳು ಕೊನೆ ಮುಟ್ಟುತ್ತದಲ್ಲ, ಅಲ್ಲಿಂದ ಒಂದಿಷ್ಟು ಆಚೆ.

ಬಾಡಿಗೆ ಬಿಡದ ಮಾಲೀಕ

ಇನ್ನು ಸತ್ತ ನಕ್ಷತ್ರದ ವಿಷಯ. ನಕ್ಷತ್ರ ಅಂದರೆ ಒಂದು ಅಂಗಡಿ ಅಂತಿಟ್ಟುಕೊಳ್ಳಿ. ಒಳಗೆ ಇಂಧನ ಉರಿದು ಬರುವ ಶಾಖವೇ ವ್ಯಾಪಾರ. ಎಲ್ಲವನ್ನೂ ಒಳಕ್ಕೆ ಎಳೆಯುವ ಗುರುತ್ವ ಅಂಗಡಿ ಮಾಲೀಕ. ವ್ಯಾಪಾರ ಇರುವ ತನಕ ಬಾಡಿಗೆ ಕಟ್ಟಿಕೊಂಡು ನಕ್ಷತ್ರ ನಿಲ್ಲುತ್ತದೆ. ವ್ಯಾಪಾರ ನಿಂತರೆ? ಮಾಲೀಕ ಒಂದು ದಿನವೂ ಬಾಡಿಗೆ ಬಿಡುವವನಲ್ಲ. ನಮ್ಮ ಸೂರ್ಯನಂಥ ನಕ್ಷತ್ರ ಕುಗ್ಗಿ ಭೂಮಿಯಷ್ಟು ಗಾತ್ರಕ್ಕೆ ಬಂದು ಹೇಗೋ ತಡೆದುಕೊಳ್ಳುತ್ತದೆ. ಆದರೆ ಆ ತಡೆಗೂ ಒಂದು ಮಿತಿ ಇದೆ, ಸೂರ್ಯನ ಸುಮಾರು 1.4 ಪಟ್ಟು ತೂಕ ದಾಟಿದರೆ ಅದೂ ಕುಸಿಯುತ್ತದೆ ಎಂದು ಲೆಕ್ಕ ಹಾಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಶುರುವಾದ ಲೆಕ್ಕ ಅದು. ಆಗ ಅವರಿಗೆ 19 ವರ್ಷ. ನೊಬೆಲ್ ಬಂದದ್ದು 1983ರಲ್ಲಿ. ಅರ್ಧ ಶತಮಾನ ಕಾಯಿಸಿದರು!

ಮಿತಿ ದಾಟಿದ ದೊಡ್ಡ ನಕ್ಷತ್ರದ ತಿರುಳು ಒಂದು ಕ್ಷಣದಲ್ಲಿ ಕುಸಿಯುತ್ತದೆ, ಹೊರಭಾಗ ಸಿಡಿದು ಚದುರುತ್ತದೆ. ಉಳಿಯುವುದು ನ್ಯೂಟ್ರಾನ್ ನಕ್ಷತ್ರ. ಅಗಲ 20 ಕಿಲೋಮೀಟರ್ ಆಸುಪಾಸು. ಗೌರಿಬಿದನೂರಿಗೂ ಹಿಂದೂಪುರಕ್ಕೂ ನಡುವೆ ಇಟ್ಟರೆ ಇನ್ನೂ ಜಾಗ ಮಿಗುತ್ತದೆ. ತೂಕ ಮಾತ್ರ ನಮ್ಮ ಸೂರ್ಯನಿಗಿಂತ ಹೆಚ್ಚು. ಒಂದು ಸಕ್ಕರೆ ಅಚ್ಚಿನಷ್ಟು ಆ ಸರಕನ್ನು ತಂದು ತಕ್ಕಡಿಗೆ ಹಾಕಿದರೆ ಸುಮಾರು 40 ಕೋಟಿ ಟನ್. ಹತ್ತು ಟನ್ನಿನ ಲಾರಿಯಲ್ಲಿ ನಾಲ್ಕು ಕೋಟಿ ಲೋಡು. ಅಲ್ಲಿನ ಗುರುತ್ವ ಭೂಮಿಯದಕ್ಕಿಂತ ಹತ್ತು ಸಾವಿರ ಕೋಟಿ ಪಟ್ಟಿಗೂ ಮಿಗಿಲು. ಗಲ್ಲಾಪೆಟ್ಟಿಗೆಯಿಂದ ಜಾರಿದ ನಾಣ್ಯ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸಾವಿರ ಕಿಲೋಮೀಟರ್ ಮೀರಿರುತ್ತದೆ.

ಇಂಥದ್ದು ಇರಬಹುದು ಅಂತ 1934ರಲ್ಲೇ ಊಹಿಸಿದ್ದರು. ಸಿಕ್ಕಿದ್ದು 1967ರಲ್ಲಿ. ಕೇಂಬ್ರಿಜ್ ಹತ್ತಿರದ ನಾಲ್ಕೂವರೆ ಎಕರೆಯಲ್ಲಿ ಕಂಬ ನೆಟ್ಟು ತಂತಿ ಎಳೆದಿದ್ದ ಆಂಟೆನಾದ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿ ಜೊಸ್ಲಿನ್ ಬೆಲ್ ಕಾಗದದ ಸುರುಳಿಯ ಮೇಲೆ ಒಂದು ಗೀಚು ಕಂಡರು. ಗಡಿಯಾರದಂತೆ 1.34 ಸೆಕೆಂಡಿಗೊಮ್ಮೆ ಮಿಡಿತ. ಅದಕ್ಕೆ ಪಲ್ಸರ್ ಎಂದು ಹೆಸರಾಯಿತು. 1974ರ ನೊಬೆಲ್ ಅವರ ಗುರು ಹ್ಯೂವಿಷ್‌ಗೆ ಹೋಯಿತು, ಗೀಚು ಕಂಡ ಹುಡುಗಿಗೆ ಇಲ್ಲ. ಅದಾಗಿ 44 ವರ್ಷಕ್ಕೆ, 2018ರಲ್ಲಿ, ಬೇರೊಂದು ಬಹುಮಾನವಾಗಿ 30 ಲಕ್ಷ ಡಾಲರ್ ಬಂದಾಗ ಆಕೆ ಅಷ್ಟನ್ನೂ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು.

ಮಿಡಿತ ಯಾಕೆ? ನಕ್ಷತ್ರ ಗಿರ್ರನೆ ತಿರುಗುತ್ತಿದೆ, ಅದರ ಕಾಂತಧ್ರುವದಿಂದ ರೇಡಿಯೋ ಅಲೆಗಳ ಕಂತೆ ಹೊರಡುತ್ತದೆ, ಲೈಟ್‌ಹೌಸಿನ ದೀಪದಂತೆ ಸುತ್ತಿಗೊಮ್ಮೆ ನಮ್ಮ ಕಡೆ ಬೀಸಿ ಹೋಗುತ್ತದೆ. ಧ್ರುವದಿಂದಲೇ ಹೊರಡುತ್ತದೆ ಎಂಬ ಮಾತಿಗೆ 1969ರಲ್ಲಿ ಆಸ್ಟ್ರೇಲಿಯಾದಿಂದ ಆಧಾರ ಕೊಟ್ಟವರಲ್ಲಿ ಮುಖ್ಯರು ವಿ. ರಾಧಾಕೃಷ್ಣನ್. ಸರ್ ಸಿ.ವಿ. ರಾಮನ್ನರ ಮಗ. ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವೀಧರ, ಪಿಎಚ್.ಡಿ. ಮಾಡುವ ಗೋಜಿಗೇ ಹೋಗಲಿಲ್ಲ. ಹಾಯಿದೋಣಿ, ಗ್ಲೈಡರುಗಳ ಹುಚ್ಚು. ಅಪ್ಪನ ನಂತರ 1972ರಲ್ಲಿ ರಾಮನ್ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆಮೇಲಿನ ದಿನಗಳಲ್ಲಿ ದೇಶಪಾಂಡೆಯವರ ಜೊತೆ ಸೇರಿ ಗೌರಿಬಿದನೂರಿನ ತಂತಿಗಳಿಂದ ಪಲ್ಸರ್ ಕೇಳುವ ಕೆಲಸ ಮಾಡಿ 1992ರಲ್ಲಿ ಪ್ರಕಟಿಸಿದರು.

ಮಖೆಯ ಪಕ್ಕದ ಜಾತ್ರೆ

ತಲೆಬರಹದ ನಕ್ಷತ್ರದ ಅಧಿಕೃತ ಹೆಸರು ಬಿ0943+10. ಸಿಂಹರಾಶಿಯಲ್ಲಿ, ಮಖಾ ನಕ್ಷತ್ರದಿಂದ ಸ್ವಲ್ಪ ಪಶ್ಚಿಮಕ್ಕೆ. ಬರಿಗಣ್ಣಿಗೆ ಕಾಣುವುದಿಲ್ಲ, ಪಂಚಾಂಗದಲ್ಲೂ ಇಲ್ಲ, ಆದ್ದರಿಂದ ಯಾರ ಜಾತಕಕ್ಕೂ ತೊಂದರೆಯಿಲ್ಲ. ಮಾಘ ಮಾಸದ ಹೊತ್ತಿಗೆ ನಡುರಾತ್ರಿಯಲ್ಲಿ ಗೌರಿಬಿದನೂರಿನ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತದೆ. 1.1 ಸೆಕೆಂಡಿಗೆ ಒಂದು ಸುತ್ತು. ಇಂದು ಬಂದು ಮುಟ್ಟುವ ಅಲೆ ಅಲ್ಲಿಂದ ಹೊರಟು ಎರಡು ಮೂರು ಸಾವಿರ ವರ್ಷವಾಗಿದೆ.

ಇದರ ಮಿಡಿತದಲ್ಲಿ ಒಂದು ಚಮತ್ಕಾರ ಇತ್ತು. ಪ್ರತಿ ಮಿಡಿತವೂ ಹಿಂದಿನದರ ಜಾಗದಲ್ಲೇ ಕೂರುವುದಿಲ್ಲ, ಚೂರು ಚೂರು ಸರಿಯುತ್ತ ಹೋಗುತ್ತದೆ. 1975ರಲ್ಲಿ ರುಡರ್‌ಮನ್ ಮತ್ತು ಸದರ್‌ಲ್ಯಾಂಡ್ ಎಂಬಿಬ್ಬರು ಒಂದು ಕಾರಣ ಕೊಟ್ಟಿದ್ದರು. ಧ್ರುವದ ಮೇಲೆ ವಿದ್ಯುತ್ ಕಿಡಿಗಳು ಉಂಗುರದಂತೆ ನಿಂತಿವೆ, ಆ ಉಂಗುರ ತಾನೇ ನಿಧಾನಕ್ಕೆ ಸುತ್ತುತ್ತಿದೆ ಅಂತ. ಕೇಳಲು ಚೆಂದ. ಆದರೆ ಕಂಡವರಾರು?

1999ರಲ್ಲಿ ದೇಶಪಾಂಡೆ ಮತ್ತು ಅಮೆರಿಕದ ಜೊವಾನ್ನಾ ರ‍್ಯಾಂಕಿನ್ ಆ ಉಂಗುರದ ನಕ್ಷೆಯನ್ನೇ ಬರೆದು ತೋರಿಸಿದರು. ಪೋರ್ಟೊರಿಕೊದಲ್ಲಿದ್ದ 305 ಮೀಟರ್ ಅಗಲದ ಅರೆಸಿಬೊ ತಟ್ಟೆಯಲ್ಲಿ ಹಿಡಿದ ಮಿಡಿತಗಳನ್ನು ಒಂದೊಂದಾಗಿ ಬಿಡಿಸಿ ಲೆಕ್ಕ ಹಾಕಿದರು. ಜಾತ್ರೆಯಲ್ಲಿ ಮಕ್ಕಳನ್ನು ಮರದ ಕುದುರೆಗಳ ಮೇಲೆ ಕೂರಿಸಿ ದುಂಡಗೆ ತಿರುಗಿಸುವ ರಾಟೆ ಇರುತ್ತದಲ್ಲ, ಹಾಗೆಯೇ ಇದೂ. ಕುದುರೆ ಇಪ್ಪತ್ತು. ನಕ್ಷತ್ರ 37 ಸುತ್ತು ಹಾಕುವಷ್ಟರಲ್ಲಿ ರಾಟೆಯದು ಒಂದು ಸುತ್ತು, ಅಂದರೆ 41 ಸೆಕೆಂಡು. ರಾಟೆ ನಿಂತಿರುವ ನೆಲ, ಲೆಕ್ಕದ ಪ್ರಕಾರ, ಮುನ್ನೂರು ಮೀಟರ್ ಅಗಲವೂ ಇರಲಾರದು. ಎರಡು ಸಾವಿರ ಬೆಳಕಿನ ವರ್ಷ ಆಚೆಗೆ ಒಂದು ಜಾತ್ರೆ ಮೈದಾನದಷ್ಟು ಜಾಗ, ಅದರಲ್ಲಿ ಇಪ್ಪತ್ತು ಕಿಡಿ ಎಣಿಸಿದರು!

ದೊಡ್ಡ ತಟ್ಟೆಯವರು ಹೇಳಿದರು ಎಂದ ಮಾತ್ರಕ್ಕೆ ವಿಜ್ಞಾನದಲ್ಲಿ ಯಾರೂ ಒಪ್ಪುವುದಿಲ್ಲ. ಪ್ರಶ್ನೆ ಕೇಳದೆ ಏನನ್ನೂ ಒಪ್ಪದ ಎಚ್. ನರಸಿಂಹಯ್ಯನವರ ತಾಲೂಕು ಬೇರೆ ಇದು. ಬೇರೆ ಕಡೆಯಿಂದ, ತೀರಾ ಬೇರೆ ತರಂಗದಲ್ಲಿ ಕೇಳಿದರೂ ಅದೇ ಲೆಕ್ಕ ಬರುತ್ತದಾ? ಅರೆಸಿಬೊ ಕೇಳಿದ್ದು 430 ಮೆಗಾಹರ್ಟ್ಸ್‌ನಲ್ಲಿ. ಹನ್ನೆರಡು ಪಟ್ಟು ಕೆಳಗೆ, 35ರ ಹತ್ತಿರ, ಕೇಳಬಲ್ಲ ಕಿವಿ ಗೌರಿಬಿದನೂರಿನಲ್ಲಿತ್ತು. ಅಸ್ಗೇಕರ್ ಮತ್ತು ದೇಶಪಾಂಡೆ ಇಲ್ಲಿನ ದಾಖಲೆಯಿಂದ ಹೊಸದಾಗಿ ಲೆಕ್ಕ ಹಾಕಿದರು. ಕುದುರೆಗಳ ಸಂಖ್ಯೆ, ಸುತ್ತಿನ ಸಮಯ, ಎರಡೂ ಹೊಂದಿದವು. ದೊಡ್ಡ ಅಂಗಡಿಯ ಬಿಲ್ಲನ್ನು ಮೂಲೆ ಅಂಗಡಿಯ ತಕ್ಕಡಿ ತಾಳೆ ನೋಡಿ ಸರಿ ಎಂದಂತೆ. ಆ ದೊಡ್ಡ ತಟ್ಟೆ ಈಗಿಲ್ಲ, 2020ರ ಡಿಸೆಂಬರ್ 1ರಂದು ಕುಸಿದುಬಿತ್ತು.

ಇಷ್ಟಾದರೂ ನಕ್ಷತ್ರದ ಗುಟ್ಟು ಪೂರ್ತಿ ಬಿಟ್ಟುಕೊಟ್ಟಿಲ್ಲ. ಅದಕ್ಕೆ ಎರಡು ಲಹರಿ. ಕೆಲವು ಗಂಟೆ ರಾಟೆ ಶಿಸ್ತಾಗಿ ತಿರುಗುತ್ತದೆ, ರೇಡಿಯೋ ಜೋರಾಗಿರುತ್ತದೆ. ಇದ್ದಕ್ಕಿದ್ದಂತೆ ಗಲಿಬಿಲಿ, ರೇಡಿಯೋ ಸಣ್ಣದಾಗುತ್ತದೆ. 2013ರಲ್ಲಿ ಯುರೋಪಿನ ಎಕ್ಸ್-ರೇ ಉಪಗ್ರಹ, ಹಾಲೆಂಡಿನ ಆಂಟೆನಾಗಳು ಮತ್ತು ಪುಣೆ ಹತ್ತಿರದ ದೊಡ್ಡ ದೂರದರ್ಶಕ ಸೇರಿ ಗಮನಿಸಿದ್ದನ್ನು ಪ್ರಕಟಿಸಿದಾಗ ಎಲ್ಲರೂ ತಲೆ ಕೆರೆದುಕೊಂಡರು. ರೇಡಿಯೋ ಕುಗ್ಗಿದಾಗ ಎಕ್ಸ್-ರೇ ಎರಡು ಪಟ್ಟಿಗೂ ಹೆಚ್ಚು ಏರುತ್ತದೆ! ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಬದಲಾವಣೆ ಆಗುವುದು ಕ್ಷಣಮಾತ್ರದಲ್ಲಿ. ಯಾಕೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.

ಕಿಡಿಗೆ ಕಿಡಿ ಶತ್ರು

ಇಂಥ ಕಿವಿಗೆ ಮೋಡ, ಮಳೆ ಅಷ್ಟಾಗಿ ಅಡ್ಡಿಯಲ್ಲ. ಅಡ್ಡಿ ಕಿಡಿ. ಪಂಪ್‌ಸೆಟ್ ಸ್ಟಾರ್ಟರಿನ ಕಿಡಿ, ಬೈಕಿನ ಪ್ಲಗ್ಗಿನ ಕಿಡಿ, ಲೈನ್ ಕಂಬದ ಮೇಲೆ ಸಡಿಲವಾದ ಜಾಯಿಂಟಿನ ಚಿಟಿಚಿಟಿ, ಅಗ್ಗದ ಎಲ್‌ಇಡಿ ಬಲ್ಬಿನೊಳಗಿನ ಸರ್ಕೀಟು. ಎಲ್ಲವೂ ಸುತ್ತ ರೇಡಿಯೋ ಅಲೆ ಚೆಲ್ಲುತ್ತವೆ. ಅಂಗಡಿಯ ರೇಡಿಯೋದಲ್ಲಿ ವಾರ್ತೆ ಹೊತ್ತಿಗೆ ಗರಗರ ಬರುವುದೂ ಇದರಿಂದಲೇ. ಅಲ್ಲಿ ಅದು ಕಿರಿಕಿರಿ ಅಷ್ಟೆ. ಸಾವಿರಾರು ವರ್ಷ ಪ್ರಯಾಣ ಮಾಡಿ ಸವೆದು ಬಂದ ಅಲೆಯ ಮುಂದೆ ಪಕ್ಕದ ಹೊಲದ ಒಂದು ಸ್ಟಾರ್ಟರು ಧ್ವನಿವರ್ಧಕ ಇದ್ದ ಹಾಗೆ. ಅಲ್ಲಿನ ಕಿಡಿಯನ್ನು ಇಲ್ಲಿನ ಕಿಡಿ ನುಂಗಿಬಿಡುತ್ತದೆ. ಅದಕ್ಕೇ ಇಂಥ ಕೆಲಸಕ್ಕೆ ರಾತ್ರಿಯೇ ಮೇಲು, ಗಲೀಜಾದ ದಾಖಲೆಯನ್ನು ಕತ್ತರಿಸಿ ಎಸೆಯುವುದೂ ಕೆಲಸದ ಒಂದು ಭಾಗ.

ಹಾಗಂತ ರೈತನಿಗೆ ಮೋಟಾರು ಹಾಕಬೇಡ ಅನ್ನಲಾದೀತೇ? ಸಿಂಗಲ್ ಫೇಸು, ತ್ರೀ ಫೇಸು ಅಂತ ರಾತ್ರಿಯೆಲ್ಲ ಕರೆಂಟು ಕಾದು ನೀರು ಕಟ್ಟುವವನ ಮುಂದೆ ನಕ್ಷತ್ರದ ಮಾತೆತ್ತುವುದೂ ನಾಚಿಕೆ. ಆದರೆ ಸಡಿಲ ಜಾಯಿಂಟು ಬಿಗಿ ಮಾಡಿಸುವುದರಲ್ಲಿ ರೈತನಿಗೂ ಲಾಭ, ಲೈನಿಗೂ ಲಾಭ, ಕಿವಿಗೂ ಲಾಭ.

ಬಯಲಿನ ಕೆಲಸ ನಿಂತಿಲ್ಲ. ಸೂರ್ಯನ ರೇಡಿಯೋ ಚಿತ್ರ ತೆಗೆಯುವ ಆಂಟೆನಾ ಸಾಲು 1997ರಲ್ಲಿ ಅಲ್ಲಿ ಶುರುವಾಯಿತು. ಪಲ್ಸರ್ ಕೇಳಲೆಂದು 50ರಿಂದ 80 ಮೆಗಾಹರ್ಟ್ಸ್‌ನ ಹೊಸ ಏರ್ಪಾಡೂ ಆಗಿದೆ.

ಆದರೆ ಇನ್ನೂ ಸಣ್ಣ ಸದ್ದು ಬೇಕಾದವರು ಊರು ಬಿಟ್ಟು ದೂರ ಹೋಗಬೇಕಾಗಿದೆ. ರಾಮನ್ ಸಂಸ್ಥೆಯವರು ಜಗತ್ತಿನ ಮೊದಲ ನಕ್ಷತ್ರಗಳ ಕಾಲದ ಸುಳಿವು ಹುಡುಕಲು ‘ಸರಸ್’ ಎಂಬ ಆಂಟೆನಾ ಕಟ್ಟಿ, ಕೆಳಗಿನ ಮಣ್ಣು ಕಲ್ಲು ಲೆಕ್ಕ ಕೆಡಿಸುತ್ತದೆಂದು ಅದನ್ನು ತೆಪ್ಪದ ಮೇಲಿಟ್ಟು ನೀರಿಗೆ ಬಿಟ್ಟರು. 2020ರಲ್ಲಿ ನಮ್ಮ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ ತೇಲಿಸಿದರು, ಆಮೇಲೆ ಶರಾವತಿ ಹಿನ್ನೀರಿಗೂ ಒಯ್ದರು. ಅಮೆರಿಕದ ಒಂದು ತಂಡ 2018ರಲ್ಲಿ ‘ಸಿಕ್ಕಿತು’ ಎಂದು ಸಾರಿದ್ದ ಸದ್ದು ಆಕಾಶದ್ದಲ್ಲ ಎಂದು ತೆಪ್ಪದವರು 2022ರಲ್ಲಿ ಲೆಕ್ಕ ಸಮೇತ ಹೇಳಿದರು.