ಕರಾವಳಿಯ ಅಂಗಳದಲ್ಲಿ ಡೇರೆ ಹೂವು



ಘಟ್ಟದ ಮೇಲೆ ತೀರ್ಥಹಳ್ಳಿ, ಸಾಗರದ ಕಡೆ ನೆಂಟರಿರುವ ಮನೆಯವರು ಅಲ್ಲಿಂದ ಡೇರೆ ಗೆಡ್ಡೆ ತಂದು ನೆಡುವುದುಂಟು. ಪೇಟೆಯವರು ಡೇಲಿಯಾ ಎನ್ನುವುದು ಇದನ್ನೇ. ಅಲ್ಲಿನವರಂತೆ ಮಳೆ ಹಿಡಿಯುವ ಮೊದಲೇ ನೆಟ್ಟರೆ ಆಟಿ ಕಳೆಯುವುದರೊಳಗೆ ಗೆಡ್ಡೆ ಕೊಳೆಯುತ್ತದೆ. ಆಮೇಲೆ ನಮ್ಮ ಮಣ್ಣನ್ನು ದೂರುತ್ತೇವೆ. ತಪ್ಪು ಮಣ್ಣಿನದಲ್ಲ, ನೆಟ್ಟ ಕಾಲದ್ದು.

ಡೇರೆಯ ತವರು ಮೆಕ್ಸಿಕೋ ದೇಶದ ಬೆಟ್ಟಸೀಮೆ. ತಂಪು ಹವೆಯೂ ನೀರು ಬಸಿದುಹೋಗುವ ಮಣ್ಣೂ ಅದಕ್ಕೆ ಬೇಕು. ಆಗುಂಬೆಯ ಕಡೆ ನಮಗಿಂತ ಹೆಚ್ಚು ಮಳೆ. ಆದರೂ ಅಲ್ಲಿ ತಂಪಿದೆ, ಇಳಿಜಾರಿನಲ್ಲಿ ನೀರು ನಿಲ್ಲದು. ನಮ್ಮಲ್ಲಿ ಸೆಕೆಯ ಜೊತೆಗೆ ಬುಡದಲ್ಲಿ ನೀರು. ಆದ್ದರಿಂದ ದೀಪಾವಳಿಯ ಹೊತ್ತಿಗೆ, ಮಳೆ ಬಿಟ್ಟ ಮೇಲೆ ನೆಡತಕ್ಕದ್ದು. ಸಂಕ್ರಾಂತಿ ಕಳೆದು ಹೂ ಬರುತ್ತದೆ.

ಗೆಡ್ಡೆಯನ್ನು ಆರಿಸುವಾಗ ಕುತ್ತಿಗೆ ನೋಡಿರಿ. ಮೊಳಕೆಯ ಕಣ್ಣು ಇರುವುದು ಹಳೆಯ ಕಾಂಡಕ್ಕೆ ಅಂಟಿದ ಆ ಭಾಗದಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರದು.

ಏರು ಮಡಿಯಲ್ಲಾಗಲಿ ಕುಂಡದಲ್ಲಾಗಲಿ ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ ಬೆರೆಸಿ ನಾಲ್ಕು ಬೆರಳು ಆಳಕ್ಕೆ ನೆಡಿರಿ. ಕಾಪುವಿನ ಹೊಯಿಗೆ ಮಣ್ಣಿಗೆ ಗೊಬ್ಬರ ಹೆಚ್ಚು ಬೇಕು. ಮಣಿಪಾಲದ ಮುರಕಲ್ಲು ಗುಡ್ಡದಲ್ಲಿ ಕುಂಡವೇ ಲೇಸು. ಕಾರ್ಕಳದ ಘಟ್ಟದ ಬುಡದವರಿಗೆ ರಾತ್ರಿಯ ತಂಪಿನ ಅನುಕೂಲವಿದೆ. ಎಲ್ಲಿಯಾದರೂ ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನ ನೆರಳಿರಲಿ. ಆಧಾರದ ಕೋಲನ್ನು ನೆಡುವಾಗಲೇ ಊರಿರಿ; ಆಮೇಲೆ ಊರಿದರೆ ಗೆಡ್ಡೆಗೆ ಗಾಯವಾಗುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಚಿಗುರುವ ತನಕ ನೀರು ಮಿತವಾಗಿರಲಿ.

ನಿಜವಾದ ಕಷ್ಟ ಗೆಡ್ಡೆ ಉಳಿಸುವುದರಲ್ಲಿದೆ. ಬೀಜದಿಂದ ಅದೇ ಬಣ್ಣ ಬರುವುದೆಂದು ನಂಬುವಂತಿಲ್ಲ. ಗೆಡ್ಡೆ ಹೋದರೆ ತವರಿನಿಂದ ತಂದ ಆ ಬಣ್ಣವೂ ಹೋದಂತೆಯೇ. ಗಿಡ ಒಣಗಿದ ಮೇಲೆ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಗೆಡ್ಡೆ ಅಗೆದು, ನೆರಳಲ್ಲಿ ಆರಿಸಿ, ಒಣ ಹೊಯಿಗೆಯಲ್ಲಿ ಹುಗಿದು ಅಟ್ಟದಲ್ಲಿಡಿರಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಮೆತ್ತಗಾದದ್ದನ್ನು ಬಿಸಾಡಿರಿ. ಕುಂಡದ ಗಿಡವಾದರೆ ಕುಂಡವನ್ನೇ ಮಾಡಿನಡಿಗೆ, ಎರಚಲು ತಾಗದಲ್ಲಿ ಸೇರಿಸಿದರೂ ಆಗುತ್ತದೆ. ಒಂದೇ ಕಡೆ ಎಲ್ಲವನ್ನೂ ಇಡದೆ ಎರಡು ಗೆಡ್ಡೆ ನೆರೆಮನೆಗೂ ಕೊಟ್ಟಿರಿ.

ಇನ್ನೊಂದು ಮಾತು. ಶಂಕರಪುರದ ಕಡೆಯವರು ಇದಕ್ಕಾಗಿ ಮಲ್ಲಿಗೆಯ ಜಾಗ ಬಿಡಬೇಕಾಗಿಲ್ಲ. ಮಲ್ಲಿಗೆಯಿಂದ ಮನೆಗೆ ಹಣ ಬರುತ್ತದೆ; ಡೇರೆಗೆ ಬಾವಿಕಟ್ಟೆಯ ಪಕ್ಕದ ಎರಡು ಕುಂಡ ಸಾಕು.