ಇಲ್ಲದ ಗುಂಡು, ನಂಬುವ ಅಂಗೈ

ಓದುಗರೊಬ್ಬರು ಬರೆದು ಕೇಳಿದ್ದಾರೆ: ಮನೆಗೆ ಹೊಸ ಟಿವಿ ಬಂದಿದೆ, ಹಳೆಯ 40 ಇಂಚಿನದು ಗೋಡೆಗೊರಗಿ ಕೂತಿದೆ. ಅದನ್ನು ಮಲಗಿಸಿ, ಸುತ್ತ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಕಂಪ್ಯೂಟರ್ ಜೋಡಿಸಿ ಪಿನ್‌ಬಾಲ್ ಯಂತ್ರ ಮಾಡಿಕೊಳ್ಳಬೇಕೆಂದಿದ್ದೇನೆ, ಯಾವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲಿ? ಈ ಪ್ರಶ್ನೆ ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಉತ್ತರ ಗ್ರಾಫಿಕ್ಸ್ ಕಾರ್ಡಿನಿಂದ ಶುರುವಾಗುವುದಿಲ್ಲ. ಕಣ್ಣಿಗೆ ಬೇಕಾದಷ್ಟನ್ನು ಆ ಟಿವಿ ಆಗಲೇ ಕೊಡುತ್ತದೆ, ಅಂಗೈಗೆ ಬೇಕಾದ್ದು ಇನ್ನೂ ಬಂದಿಲ್ಲ. ದುಡ್ಡು, ಶ್ರದ್ಧೆ ಎರಡನ್ನೂ ಸುರಿಯಬೇಕಾದ ಜಾಗ ಅದು.

ಪೆಟ್ಟಿಗೆಯ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ಮಾಮೂಲಿ ಪಿನ್‌ಬಾಲ್ ಯಂತ್ರದ ಪೆಟ್ಟಿಗೆ ಹೊರಗಿನಿಂದ ಸುಮಾರು 22 ಇಂಚು ಅಗಲ. 40 ಇಂಚಿನ ಟಿವಿಯನ್ನು ಉದ್ದಕ್ಕೆ ಮಲಗಿಸಿದರೆ ಅದರ ಪರದೆಯ ಅಗಲ 20 ಇಂಚಿಗೆ ಚೂರು ಕಡಿಮೆ. ಅಂಚಿನ ಕಟ್ಟು ಬಿಚ್ಚಿಕೊಟ್ಟರೆ ಒಳ್ಳೆಯ ಬಡಗಿ ಮುಕ್ಕಾಲು ಇಂಚಿನ ಪ್ಲೈವುಡ್‌ನಲ್ಲಿ ಹೆಚ್ಚುಕಡಿಮೆ ಅಸಲಿ ಅಳತೆಗೇ ಕೂರಿಸಬಲ್ಲ. ಎದುರಿಗೆ ಎದ್ದುನಿಂತ ತಲೆಭಾಗಕ್ಕೆ ಇನ್ನೊಂದು ಪರದೆ, ಅದರ ಕೆಳಗೆ ಅಂಕ ತೋರಿಸುವ ಚುಕ್ಕಿಗಳ ಫಲಕ. ಒಳಗೆ ಓಡುವುದು ವಿಷುಯಲ್ ಪಿನ್‌ಬಾಲ್ ಎಂಬ ತಂತ್ರಾಂಶ. ರಾಂಡಿ ಡೇವಿಸ್ 2000ದಲ್ಲಿ ಹೊರತಂದ ಇದನ್ನು ಮುಂದೆ ಎಲ್ಲರಿಗೂ ತೆರೆದಿಟ್ಟರು. ಹವ್ಯಾಸಿಗಳು ಇಂದಿಗೂ ತಿದ್ದುತ್ತ ಬೆಳೆಸುತ್ತಿದ್ದಾರೆ, ಬೆಲೆಯೇನೂ ಇಲ್ಲ.

ನಮ್ಮಲ್ಲಿ ಬಹಳಷ್ಟು ಜನ ಪಿನ್‌ಬಾಲ್ ಮೊದಲು ಕಂಡದ್ದು ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನಲ್ಲಿ. ಸೈಬರ್ ಕೆಫೆಯಲ್ಲಿ, ಕಾಲೇಜಿನ ಲ್ಯಾಬಿನಲ್ಲಿ, ಸಾಹೇಬರು ಬರುವ ಮುಂಚಿನ ಕಚೇರಿಯಲ್ಲಿ ಆಡಿದ ಆ ‘ಸ್ಪೇಸ್ ಕೆಡೆಟ್’ ನೆನಪಿರಬೇಕು. ಅದು ವಿಸ್ತಾದಲ್ಲಿ ಏಕೆ ಮಾಯವಾಯಿತು ಎಂಬುದನ್ನು ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಹೇಳಿದ್ದಾರೆ. 64 ಬಿಟ್‌ಗೆ ಒಗ್ಗಿಸಲು ಹೋದಾಗ ಗುಂಡು ಅಡ್ಡ ಬಂದ ವಸ್ತುಗಳಿಗೆ ಬಡಿಯದೆ ಅವುಗಳೊಳಗಿಂದಲೇ ಹಾಯ್ದು ಹೋಗತೊಡಗಿತು. ಎಲ್ಲಿ ಎಡವಟ್ಟಾಗಿದೆ ಎಂದು ಪತ್ತೆಯಾಗಲಿಲ್ಲ, ಆಟವನ್ನೇ ಕೈಬಿಟ್ಟರು. ಕಂಪ್ಯೂಟರಿನ ಗುಂಡು ಎಂದರೆ ಇಷ್ಟೇ, ಒಂದು ಲೆಕ್ಕ. ಲೆಕ್ಕ ತಪ್ಪಿದರೆ ಗೋಡೆಗೂ ಗಾಳಿಗೂ ಅದಕ್ಕೆ ಭೇದವಿಲ್ಲ. ವಿಷುಯಲ್ ಪಿನ್‌ಬಾಲ್ ಈ ಲೆಕ್ಕವನ್ನು ಸೆಕೆಂಡಿಗೆ 1000 ಸಲ ಮಾಡುತ್ತದೆ. ಗುಂಡಿನ ಚಲನೆ ಅದರಲ್ಲಿ ಅಷ್ಟು ಸಹಜವಾಗಿ ಕಾಣುವುದು ಅದಕ್ಕೇ.

ಲೆಕ್ಕ ಎಷ್ಟು ಚುರುಕಾಗಿದ್ದರೂ ಚಿತ್ರ ತಡವಾಗಿ ಬಂದರೆ ಆಟ ಕೆಟ್ಟಿತು. ಗುಂಡು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಇಳಿಯುತ್ತಿದೆ ಎನ್ನಿ. ಸೆಕೆಂಡಿಗೆ 60 ಚಿತ್ರ ತೋರುವ ಟಿವಿಯಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅದು 3 ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. ಟಿವಿ ತನ್ನ ಜಾಣ್ಮೆಯಿಂದ ಚಿತ್ರವನ್ನು ನಯಗೊಳಿಸುತ್ತ ಸೆಕೆಂಡಿನ ಹತ್ತನೇ ಒಂದು ಭಾಗ ತಡಮಾಡಿದರೆ 20 ಸೆಂಟಿಮೀಟರ್. ಗುಂಡನ್ನು ಹೊಡೆಯುವ ಫ್ಲಿಪ್ಪರ್‌ನ ಉದ್ದವೇ ಏಳೂವರೆ ಸೆಂಟಿಮೀಟರ್! ನೀವು ಗುಂಡಿ ಒತ್ತುವ ಹೊತ್ತಿಗೆ ಗುಂಡು ಹೊಂಡ ಸೇರಿರುತ್ತದೆ. ಟಿವಿಯ ಮೆನುವಿನಲ್ಲಿ ‘ಗೇಮ್ ಮೋಡ್’ ಆರಿಸಿದರೆ ಆ ನಯಗಾರಿಕೆಯ ಬಹುಪಾಲು ನಿಂತು ತಡ ಇಳಿಯುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇದನ್ನು ಬಿಟ್ಟು ಚಿನ್ನದ ಲೇಪದ ಎಚ್‌ಡಿಎಂಐ ಕೇಬಲ್ಲಿಗೆ ಸಾವಿರಾರು ರೂಪಾಯಿ ಸುರಿದು, ಗುಂಡು ಈಗ ಚುರುಕಾಯಿತು ಎನ್ನುವವರಿದ್ದಾರೆ. ಇದು ಶುದ್ಧ ಮೂಢನಂಬಿಕೆ, ತಾಯಿತ ಕಟ್ಟಿಸಿಕೊಂಡಂತೆ. ಆ ತಂತಿಯಲ್ಲಿ ಹರಿಯುವುದು ಸೊನ್ನೆ ಮತ್ತು ಒಂದು. ಅವು ತಲುಪಿದರೆ ತಲುಪಿದವು, ಚಿನ್ನ ಕಂಡು ಓಡೋಡಿ ಬರುವುದಿಲ್ಲ.

ಇನ್ನು ನನಗೆ ನಿಜಕ್ಕೂ ಮೈ ಜುಮ್ಮೆನಿಸಿದ ಸಂಗತಿ. 1992ರಲ್ಲಿ ಬ್ಯಾಲಿ ಹೆಸರಿನಲ್ಲಿ ‘ದಿ ಆಡಮ್ಸ್ ಫ್ಯಾಮಿಲಿ’ ಎಂಬ ಪಿನ್‌ಬಾಲ್ ಬಂತು. ವಿನ್ಯಾಸ ಪ್ಯಾಟ್ ಲಾಲರ್ ಅವರದು, ಮಾರಾಟವಾದದ್ದು 20,000ಕ್ಕೂ ಹೆಚ್ಚು ಯಂತ್ರಗಳು. ಅದರೊಳಗಿನ ಮಿದುಳು ಮೊಟೊರೊಲಾದ 6809 ಎಂಬ ಪುಟ್ಟ ಚಿಪ್. ಇಂದಿನ ಕಂಪ್ಯೂಟರಿನಲ್ಲಿ ಪಿನ್‌ಮೇಮ್ ಎಂಬ ತಂತ್ರಾಂಶ ಆ ಚಿಪ್‌ನ ವೇಷ ಹಾಕುತ್ತದೆ, ಅಂದಿನ ಪ್ರೋಗ್ರಾಮನ್ನು ಒಂದಕ್ಷರ ಬದಲಿಸದೆ ಓಡಿಸುತ್ತದೆ. ತಾನು ಕಬ್ಬಿಣದ ಯಂತ್ರದಲ್ಲಿಲ್ಲ ಎಂಬುದು ಪ್ರೋಗ್ರಾಮಿಗೆ ಗೊತ್ತೇ ಇಲ್ಲ. ಎಂದಿನಂತೆ ‘ಇಂಥ ಸೊಲೆನಾಯ್ಡ್ ಹೊಡೆ’, ಅಂದರೆ ಕರೆಂಟು ಹರಿದಾಗ ಕಬ್ಬಿಣವನ್ನು ಎಳೆಯುವ ಸುರುಳಿಯನ್ನು ಹೊಡೆ ಎಂದು ಆಜ್ಞೆ ಕೊಡುತ್ತದೆ. ಆ ಆಜ್ಞೆಯನ್ನು ನಡುವೆಯೇ ಹಿಡಿದು ಪರದೆಯ ಮೇಲಿನ ಚಿತ್ರವನ್ನು ಅಲುಗಿಸುತ್ತಾರೆ. ಇಷ್ಟಕ್ಕೇ ನಿಲ್ಲದ ಹವ್ಯಾಸಿಗಳು ಅದೇ ಆಜ್ಞೆಯನ್ನು ಪೆಟ್ಟಿಗೆಯೊಳಗೆ ಸ್ಕ್ರೂ ಹಾಕಿ ಕೂರಿಸಿದ ನಿಜವಾದ ಸುರುಳಿಗೂ ಕಳಿಸುತ್ತಾರೆ. ಷಿಕಾಗೋದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದ ಸಾಲು ಇಂದು ನಿಮ್ಮ ಮನೆಯ ಪ್ಲೈವುಡ್ ಪೆಟ್ಟಿಗೆಯಲ್ಲಿ ಕಬ್ಬಿಣವನ್ನು ‘ಟಕ್’ ಎಂದು ಬಡಿಸುತ್ತದೆ!

ಆ ‘ಟಕ್’ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಬೋರ್‌ವೆಲ್ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಲ್ಲಿ ಹಸಿರು ಗುಂಡಿ ಒತ್ತಿದಾಗ ಸದ್ದು ಮಾಡುತ್ತದಲ್ಲ, ಕಾಂಟ್ಯಾಕ್ಟರ್, ಅದೇ ಜಾತಿಯ 24 ವೋಲ್ಟಿನ ಕಾಂಟ್ಯಾಕ್ಟರುಗಳನ್ನು ಪೆಟ್ಟಿಗೆಯ ಎಡಕ್ಕೊಂದು ಬಲಕ್ಕೊಂದು ಬಿಗಿಯುತ್ತಾರೆ. ಅವು ಯಾವ ಮೋಟರನ್ನೂ ನಡೆಸುವುದಿಲ್ಲ. ಬಡಿದು ಸದ್ದು ಮಾಡುವುದಷ್ಟೇ ಅವುಗಳ ಕೆಲಸ. ಗುಂಡಿ ಒತ್ತಿದಾಗ ಒಂದು ಬಡಿತ, ಬಿಟ್ಟಾಗ ಒಂದು, ಅಸಲಿ ಫ್ಲಿಪ್ಪರ್‌ನ ಹಾಗೆಯೇ. ಕಂಪ್ಯೂಟರಿನ ಚಿಪ್ ಕೊಡುವ ಪುಡಿ ಕರೆಂಟು ಇದಕ್ಕೆ ಸಾಲದು, ನಡುವೆ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಬೇಕು. ಕಾಂಟ್ಯಾಕ್ಟರಿನೊಳಗಿನ ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಕಡ್ಡಾಯ. ಕರೆಂಟು ಕಡಿದೊಡನೆ ಸುರುಳಿಯ ಕಾಂತಕ್ಷೇತ್ರ ಕುಸಿಯುತ್ತ ಹಿಮ್ಮುಖವಾಗಿ ನೂರಾರು ವೋಲ್ಟ್ ಒದೆಯಬಲ್ಲದು. ಡಯೋಡ್ ಇಲ್ಲದಿದ್ದರೆ ಆ ಒದೆತ ಬೀಳುವುದು ಮಾಸ್‌ಫೆಟ್ಟಿಗೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನ ಓಡಾಡಿದರೆ ಇವೆಲ್ಲ ಸಿಗುತ್ತವೆ. ಡಯೋಡ್ ಅಂತೂ ಚಿಲ್ಲರೆ ಕಾಸಿನ ಮಾಲು.

ಆದರೆ ಬಡಿತ ಒಂದು ಬಿಂದು. ಉರುಳುವ ಗುಂಡಿಗೆ ಏನು ಮಾಡುವುದು? 27 ಮಿಲಿಮೀಟರ್ ವ್ಯಾಸದ, 80 ಗ್ರಾಂ ತೂಗುವ ಉಕ್ಕಿನ ಗುಂಡು ಮರದ ಹಲಗೆಯ ಮೇಲೆ ಉರುಳುವಾಗ ಹಲಗೆ ಸಣ್ಣಗೆ ಗುನುಗುತ್ತದೆ. ಆ ಗುನುಗು ಪೆಟ್ಟಿಗೆಯ ಗೋಡೆ ಹಿಡಿದು ಇಳಿದು ಆಟಗಾರನ ಅಂಗೈ ಸೇರುತ್ತದೆ. ಅಂಗೈಯ ಚರ್ಮದಾಳದಲ್ಲಿ, ಪದರದ ಮೇಲೆ ಪದರ ಸುತ್ತಿಕೊಂಡ ಪ್ಯಾಸಿನಿಯನ್ ಎಂಬ ಪುಟ್ಟ ಗ್ರಾಹಕಗಳಿವೆ. ಇಟಲಿಯ ಅಂಗರಚನಾ ವಿಜ್ಞಾನಿ ಫಿಲಿಪ್ಪೊ ಪಚೀನಿಯ ಹೆಸರು ಹೊತ್ತವು. ನಿಧಾನವಾದ ಒತ್ತಡವನ್ನು ಆ ಪದರಗಳು ಸೋಸಿ ಬಿಡುತ್ತವೆ, ಕಂಪನವನ್ನು ಮಾತ್ರ ಒಳಗಿನ ನರತುದಿಗೆ ಹಾಯಿಸುತ್ತವೆ. ಸೆಕೆಂಡಿಗೆ 250ರ ಆಸುಪಾಸಿನ ಕಂಪನಕ್ಕೆ ಇವು ಎಷ್ಟು ಸೂಕ್ಷ್ಮವೆಂದರೆ, ಚರ್ಮ ಒಂದು ಮೈಕ್ರಾನ್‌ಗಿಂತ ಕಡಿಮೆ ಅಲುಗಿದರೂ ಸುದ್ದಿ ಮುಟ್ಟಿಸುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪೆಟ್ಟಿಗೆಯ ಬದಿಗೆ ಅಂಗೈ ಊರಿ ನಿಂತ ಆಟಗಾರ ತನಗರಿವಿಲ್ಲದೆ ಹಲಗೆಯನ್ನು ಕೈಯಿಂದ ಆಲಿಸುತ್ತಿರುತ್ತಾನೆ.

ಹವ್ಯಾಸಿಗಳು ಕಂಡುಕೊಂಡ ಉಪಾಯ ಇಲ್ಲಿದೆ. ಪೆಟ್ಟಿಗೆಯ ಒಳಗೋಡೆಗಳಿಗೆ, ಆಟಗಾರನ ಹತ್ತಿರ ಎರಡು, ಆಚೆ ತುದಿಗೆ ಎರಡು, ಎಕ್ಸೈಟರ್‌ಗಳನ್ನು ಅಂಟಿಸುತ್ತಾರೆ. ಎಕ್ಸೈಟರ್ ಎಂದರೆ ಕಾಗದದ ಬಟ್ಟಲಿಲ್ಲದ ಸ್ಪೀಕರ್. ಅಂಟಿಸಿದ ಹಲಗೆಯನ್ನೇ ಅದು ನಡುಗಿಸುತ್ತದೆ. ಹಾಡು, ಮಾತು ಎಲ್ಲ ತಲೆಭಾಗದ ಸ್ಪೀಕರಿಗೆ, ಗುಂಡಿನ ಉರುಳಾಟದ ಸದ್ದು ಮಾತ್ರ ಈ ನಾಲ್ಕಕ್ಕೆ. ಗುಂಡು ಪರದೆಯ ಮೇಲೆ ಎಲ್ಲಿದೆಯೋ ಅದಕ್ಕೆ ತಕ್ಕಂತೆ ನಾಲ್ಕರ ಬಲಾಬಲ ಪ್ರತಿ ಗಳಿಗೆಯೂ ಬದಲಾಗುತ್ತದೆ. ನಾಲ್ಕು ಮೂಲೆಯ ಸದ್ದಿನಿಂದ ನಡುವೆಲ್ಲೋ ಇರುವ ಗುಂಡು ಹೇಗೆ ಹುಟ್ಟುತ್ತದೆ? ಕಿವಿ ಹೀಗೆ ಮೋಸಹೋಗುತ್ತದೆ ಎಂಬುದು ಸ್ಟೀರಿಯೊ ಕೇಳಿದವರಿಗೆಲ್ಲ ಗೊತ್ತು. ಚರ್ಮವೂ ಮೋಸಹೋಗುತ್ತದೆ ಎಂದು ತೋರಿಸಿದವರು ಹಂಗೇರಿ ಮೂಲದ ಗಿಯೋರ್ಗ್ ಫಾನ್ ಬೆಕೆಶಿ. ಒಳಗಿವಿಯ ಅಧ್ಯಯನಕ್ಕಾಗಿ 1961ರಲ್ಲಿ ನೊಬೆಲ್ ಪಡೆದವರು. ತೋಳಿನ ಮೇಲೆ ಸ್ವಲ್ಪ ದೂರದಲ್ಲಿ ಎರಡು ಕಂಪಕಗಳನ್ನಿಟ್ಟು ಒಟ್ಟಿಗೆ ಬಡಿಸಿದರೆ ನಮಗೆ ಎರಡು ಬಡಿತ ತಿಳಿಯುವುದಿಲ್ಲ. ನಡುವೆ, ಏನೂ ಇಲ್ಲದ ಜಾಗದಲ್ಲಿ, ಒಂದೇ ಬಡಿತ ತಿಳಿಯುತ್ತದೆ. ಒಂದರ ಬಲ ಹೆಚ್ಚಿಸಿದರೆ ಆ ಹುಸಿಬಡಿತ ಅತ್ತ ಸರಿಯುತ್ತದೆ.

ನನ್ನ ಪೆಟ್ಟಿಗೆಗೆ ಎಕ್ಸೈಟರ್ ಹಾಕಿದ ಸಂಜೆ ಮಲಗಿಸಿದ ಟಿವಿಯ ಮೇಲೆ ಬೆಡ್‌ಶೀಟ್ ಹೊದಿಸಿ ಆಡಿದೆ. ಗುಂಡು ಎಡಗಡೆಯ ಇಳಿಜಾರಿನಲ್ಲಿ ಬರುತ್ತಿದೆ, ಬಲ ಮೂಲೆಗೆ ಹೊರಳಿತು, ಮೇಲೆ ಬಂಪರುಗಳ ನಡುವೆ ಸಿಕ್ಕಿಕೊಂಡಿದೆ, ಎಲ್ಲವೂ ಎರಡು ಅಂಗೈಗಳಿಗೆ ಸ್ಪಷ್ಟ. ಪಕ್ಕದಲ್ಲಿ ನಿಂತ ಮಗಳು ಹೊದಿಕೆಯ ಮೇಲೆ ಬೆರಳಿಟ್ಟು ‘ಇಲ್ಲಿದೆ, ಇಲ್ಲಿದೆ ಅಪ್ಪಾ’ ಎನ್ನುತ್ತ ಹಿಂಬಾಲಿಸುತ್ತಿದ್ದಳು. ಯಾವ ದುಬಾರಿ ಗ್ರಾಫಿಕ್ಸ್ ಕಾರ್ಡೂ ಇಂಥದೊಂದು ಸಂಜೆಯನ್ನು ಕೊಡಲಾರದು.

ಅಂಗೈ ಕೇಳಿಸಿಕೊಂಡರೆ ಸಾಲದು, ಮಾತನಾಡಲೂ ಬೇಕು. ಪಿನ್‌ಬಾಲ್ ಬಲ್ಲವರು ಪೆಟ್ಟಿಗೆಯನ್ನು ಸಮಯ ನೋಡಿ ತುಸು ತಳ್ಳುತ್ತಾರೆ. ಇದನ್ನು ಮೋಸ ಎನ್ನುವವರಿಗೆ ಆಟವೇ ಅರ್ಥವಾಗಿಲ್ಲ. ಕೇರುವ ಹೆಂಗಸು ಕಾಳನ್ನು ಮುಟ್ಟುವುದಿಲ್ಲ, ಮೊರವನ್ನು ಆಡಿಸುತ್ತಾಳೆ, ಕಾಳು ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ಪಿನ್‌ಬಾಲ್ ಯಂತ್ರದಲ್ಲೂ ಹಾಗೆಯೇ. ತಳ್ಳಿದಾಗ ಜರುಗುವುದು ಮೇಜು, ಗುಂಡು ಜಡತ್ವದಿಂದ ಹಿಂದುಳಿಯುತ್ತದೆ. ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಇದನ್ನು ತಿರುಗಿಸಿ ಮಾಡಬೇಕು. ಮೈಕೆಲ್ ಜೆ. ರಾಬರ್ಟ್ಸ್ ರೂಪಿಸಿದ ಪಿನ್‌ಸ್ಕೇಪ್ ಎಂಬ ಮುಕ್ತ ವ್ಯವಸ್ಥೆ ಕೆಎಲ್25ಝಡ್ ಎಂಬ ಅಗ್ಗದ ಬೋರ್ಡನ್ನು ಬಳಸಿತು. ಅದರ ಮೇಲೆಯೇ ಒಂದು ವೇಗೋತ್ಕರ್ಷ ಮಾಪಕ ಇದೆ. ಪೆಟ್ಟಿಗೆ ಬಲಕ್ಕೆ ಜರುಗಿದ್ದನ್ನು ಅದು ಅಳೆದು ಹೇಳುತ್ತದೆ. ತಂತ್ರಾಂಶ ಲೆಕ್ಕದ ಗುಂಡಿಗೆ ಎಡಕ್ಕೆ ಅಷ್ಟೇ ವೇಗೋತ್ಕರ್ಷ ಕೊಡುತ್ತದೆ. ಬೋರ್ಡನ್ನು ಪೆಟ್ಟಿಗೆಯ ತಳಕ್ಕೆ ಭದ್ರವಾಗಿ, ಕಾಂಟ್ಯಾಕ್ಟರುಗಳಿಂದ ದೂರವಾಗಿ ಬಿಗಿಯಿರಿ. ಇಲ್ಲವಾದರೆ ನಿಮ್ಮದೇ ಫ್ಲಿಪ್ಪರ್ ಬಡಿತವನ್ನು ಅದು ತಳ್ಳಾಟವೆಂದು ತಿಳಿಯುತ್ತದೆ.

ಪಿನ್‌ಬಾಲ್ ಬರೀ ಅದೃಷ್ಟ ಎಂಬ ನಂಬಿಕೆ ಒಂದು ಮಹಾನಗರವನ್ನೇ ದಶಕಗಳ ಕಾಲ ಆಳಿತು. ನ್ಯೂಯಾರ್ಕ್‌ನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ 1942ರಲ್ಲಿ ಇದನ್ನು ಜೂಜೆಂದು ನಿಷೇಧಿಸಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಆಗಿನ ಯಂತ್ರಗಳಿಗೆ ಫ್ಲಿಪ್ಪರ್ ಇರಲಿಲ್ಲ ಎಂಬುದು ನಿಜ. ಅದು ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ಯಲ್ಲಿ. ಆಟ ಬದಲಾದರೂ ಕಾನೂನು ಬದಲಾಗಲು ಮತ್ತೆ ಸುಮಾರು ಮೂವತ್ತು ವರ್ಷ ಬೇಕಾಯಿತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಆಟಗಾರ ನಗರದ ಪ್ರತಿನಿಧಿಗಳ ಎದುರೇ ಯಂತ್ರ ಇರಿಸಿ ಆಡಿದರು. ಸ್ಪ್ರಿಂಗಿನ ಹಿಡಿಯನ್ನು ಎಳೆದು ಹಿಡಿದು, ಈಗ ಗುಂಡು ಮೇಲಿನ ನಡುದಾರಿಯಲ್ಲೇ ಇಳಿಯುತ್ತದೆ ಎಂದು ಮೊದಲೇ ಹೇಳಿ, ಬಿಟ್ಟರು. ಹಾಗೇ ಇಳಿಯಿತು. ನಿಷೇಧ ಬಿದ್ದುಹೋಯಿತು. ಇದು ಗೊತ್ತಿದ್ದೂ ಗುಂಡು ಜಾರಿದಾಗಲೆಲ್ಲ ಗ್ರಹಚಾರ ಎಂದು ಗೊಣಗುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ.

ತಳ್ಳುವ ಕಲೆಗೆ ಮಿತಿಯೂ ಬೇಕು. 1930ರ ದಶಕದಲ್ಲಿ ಪಿನ್‌ಬಾಲ್ ವಿನ್ಯಾಸಕ ಹ್ಯಾರಿ ವಿಲಿಯಮ್ಸ್ ಕೊಟ್ಟ ‘ಟಿಲ್ಟ್’ ಆ ಕೆಲಸ ಮಾಡುತ್ತದೆ. ಅದರ ಬಳಕೆಯಲ್ಲಿ ಉಳಿದುಬಂದ ರೂಪ ಸರಳ: ಒಂದು ಲೋಹದ ಉಂಗುರ, ಅದರ ನಡುವೆ ತೂಗುಬಿಟ್ಟ ಗುಂಡು. ಪೆಟ್ಟಿಗೆಯನ್ನು ಮಿತಿಮೀರಿ ಅಲುಗಿಸಿದರೆ ತೂಗುಗುಂಡು ಉಂಗುರಕ್ಕೆ ತಗಲುತ್ತದೆ, ಫ್ಲಿಪ್ಪರುಗಳು ಸಾಯುತ್ತವೆ. ವೇಗೋತ್ಕರ್ಷ ಮಾಪಕ ಇದ್ದಮೇಲೆ ಇದನ್ನೂ ತಂತ್ರಾಂಶದಲ್ಲೇ ಮಾಡಬಹುದು. ನನ್ನ ಸಲಹೆ, ನಿಜವಾದದ್ದನ್ನೇ ತೂಗುಹಾಕಿ. ತೂಗುಗುಂಡಿಗೆ ನೆನಪಿದೆ, ಮೊದಲ ತಳ್ಳಾಟದ ತೂಗಾಟ ಇಳಿಯುವ ಮುನ್ನ ಎರಡನೆಯದನ್ನು ಕೊಟ್ಟರೆ ಎರಡೂ ಕೂಡಿಕೊಳ್ಳುತ್ತವೆ. ಆಟಗಾರ ಅದು ನಿಲ್ಲುವವರೆಗೆ ಕಾಯುವುದನ್ನು ಕಲಿಯಬೇಕಾಗುತ್ತದೆ. ಸಾಮಾನ್ಯವಾಗಿ ಸಿಗುವ ತೂಗುಗುಂಡು ಕೆಳಕ್ಕೆ ಚೂಪು, ಮೇಲಕ್ಕೆ ದಪ್ಪ. ಅದು ತೂಗುವ ಸಲಾಕೆಯ ಮೇಲೆ ಅದನ್ನು ಕೆಳಗಿಳಿಸಿದಂತೆ ಉಂಗುರಕ್ಕೂ ಅದಕ್ಕೂ ನಡುವಿನ ಸಂದು ಕಿರಿದಾಗುತ್ತದೆ. ಮೊದಲ ವಾರ ಮೇಲೇರಿಸಿ ಇಡಿ, ಮನೆಯವರ ಕೈ ಪಳಗಿದಂತೆ ಸ್ಕ್ರೂ ಸಡಿಲಿಸಿ ಒಂದೊಂದು ನೂಲು ಕೆಳಗಿಳಿಸುತ್ತ ಬನ್ನಿ.