ಮುಂಭಾರ, ಹಿಂಭಾರ: ಚುರಂ ಇಳಿಯುವ ಟ್ರೇಲರ್‌ನ ಲೆಕ್ಕ

ನಿಮ್ಮೂರಲ್ಲಿ ಎತ್ತಿನ ಗಾಡಿ ಹೂಡಿದ ಹಿರಿಯರು ಯಾರಾದರೂ ಇದ್ದರೆ ಒಮ್ಮೆ ಕೇಳಿ ನೋಡಿ. ಹುಲ್ಲೋ ಗೊಬ್ಬರವೋ ಹೇರುವಾಗ ಒಟ್ಟು ಎಷ್ಟು ತೂಕ ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನುವುದೇ ಅವರಿಗೆ ಮುಖ್ಯ. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. "ಸ್ವಲ್ಪ ಮುಂಭಾರ ಇರಲಿ" ಅಂತಾರೆ. ಸನ್ನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಇದೇ ಲೆಕ್ಕ ಈಗ ಬೇರೆ ವೇಷದಲ್ಲಿ ಬಂದಿದೆ. ಕೇರಳ ಸರ್ಕಾರ 2021ರಲ್ಲಿ 'ಕೇರವಾನ್ ಕೇರಳ' ಎಂಬ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆ ಪ್ರಕಟಿಸಿತು. ಹಾಸಿಗೆ, ಅಡುಗೆಮನೆ ಎಲ್ಲ ಇರುವ ಬಸ್ಸಿನಂಥ ಗಾಡಿ ಅದು. ವಯನಾಡಿನ ಕಾಫಿ ತೋಟದ ಓಣಿಗಳಲ್ಲಿ ಅದು ನುಗ್ಗುವುದಿಲ್ಲ. ಹಾಗಾಗಿ ಅಮೆರಿಕ, ಯುರೋಪಿನವರ ಹಾಗೆ ಹಿಂದೆ ಒಂದು ಮುಚ್ಚಿದ ಪೆಟ್ಟಿಗೆ ಟ್ರೇಲರ್ ಕಟ್ಟಿ, ಅದರೊಳಗೆ ಬೈಕ್ ಇಟ್ಟುಕೊಂಡು ಹೋದರೆ ಹೇಗೆ ಅನ್ನುವ ಯೋಚನೆ ಬರುವುದು ಸಹಜ. ನಮ್ಮ ಕಡೆ ಟ್ರೇಲರ್ ಅಂದರೆ ಟ್ರ್ಯಾಕ್ಟರಿನದ್ದೇ, ಇಂಥದ್ದು ಇನ್ನೂ ಅಪರೂಪ. ಮೊಬೈಲಿನಲ್ಲಿ ಅಂಥದ್ದೊಂದನ್ನು ನೋಡಿದ ನನ್ನ ಹತ್ತನೇ ತರಗತಿ ಹುಡುಗನೊಬ್ಬ ಕೇಳಿದ, "ಸಾರ್, ಇದು ವಯನಾಡು ಚುರಂ ಇಳಿಯುತ್ತಾ?"

ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ ಬನ್ನಿ.

ಖಾಲಿ ಟ್ರೇಲರ್ 410 ಕಿ.ಗ್ರಾಂ., ಬೈಕ್ 190 ಕಿ.ಗ್ರಾಂ. ಅಂದುಕೊಳ್ಳಿ. ಒಂದೇ ಅಚ್ಚು, ಅಚ್ಚಿನಿಂದ ಕೊಂಡಿಗೆ 3 ಮೀಟರ್. ಖಾಲಿ ಟ್ರೇಲರ್‌ನ ಗುರುತ್ವಕೇಂದ್ರ ಅಚ್ಚಿಗಿಂತ 0.2 ಮೀಟರ್ ಮುಂದಿದ್ದರೆ ಕೊಂಡಿಯ ಮೇಲೆ ಬೀಳುವುದು 410 × 0.2 ÷ 3, ಅಂದರೆ ಸುಮಾರು 27 ಕಿ.ಗ್ರಾಂ. ಭಾರ. ಬೈಕಿನ ಗುರುತ್ವಕೇಂದ್ರವನ್ನು ಅಚ್ಚಿಗಿಂತ 0.6 ಮೀಟರ್ ಮುಂದಿಟ್ಟರೆ ಇನ್ನೂ 38 ಸೇರಿ 65 ಆಗುತ್ತದೆ. ಒಟ್ಟು ತೂಕದ ಶೇಕಡ 11ರಷ್ಟು. ಅಮೆರಿಕದಲ್ಲಿ ಹೇಳುವ ರೂಢಿ ಶೇಕಡ 10ರಿಂದ 15, ಯುರೋಪಿನಲ್ಲಿ ಅದಕ್ಕಿಂತ ಕಡಿಮೆ. ಈಗ ಅದೇ ಬೈಕನ್ನು ಅಚ್ಚಿಗಿಂತ 0.6 ಮೀಟರ್ ಹಿಂದೆ ನಿಲ್ಲಿಸಿ. ಉತ್ತರ ಮೈನಸ್ 11! ಕೊಂಡಿ ಎಳೆಯುವ ಗಾಡಿಯ ಹಿಂಭಾಗವನ್ನು ಮೇಲಕ್ಕೆತ್ತುತ್ತಿದೆ. ಅದೇ ಬೈಕು, ಅದೇ ಟ್ರೇಲರ್. ಬದಲಾದದ್ದು ಜಾಗ ಮಾತ್ರ.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಹಲಗೆಯೊಂದಕ್ಕೆ ಎರಡು ಚಕ್ರ ಹಾಕಿ, ಮುಂದಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ, ಒಂದು ಕಿಲೋ ಬಟ್ಟನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ ಹೋಗಿ. ತಕ್ಕಡಿ ಸೊನ್ನೆಗೆ ಬಂದು, ಹಲಗೆ ಹಿಂದಕ್ಕೆ ವಾಲುವಾಗ ಮಕ್ಕಳ ಮುಖ ನೋಡಬೇಕು.

ಹಿಂಭಾರವಾದ ಟ್ರೇಲರ್ ಒಂದು ವೇಗ ದಾಟಿದ ಮೇಲೆ ಹಾವಿನಂತೆ ಓಲಾಡತೊಡಗುತ್ತದೆ. ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದಾಗಬಹುದು. ಚುರಂನಲ್ಲಿ ಆ ವೇಗ ಬರುವುದಿಲ್ಲ ಬಿಡಿ. ಇದರ ಭಯ ಇರುವುದು ಗುಂಡ್ಲುಪೇಟೆ ಕಡೆಯ ನೇರ ರಸ್ತೆಯಲ್ಲಿ. ಪೆಟ್ಟಿಗೆಯ ಅಗಲವಾದ ಪಕ್ಕಕ್ಕೆ ಗಾಳಿ ಬಡಿದರೆ, ಅಥವಾ ಪಕ್ಕದಲ್ಲೇ ಲಾರಿಯೊಂದು ಹಾದರೆ ಓಲಾಟ ಶುರುವಾಗಲು ಅಷ್ಟೇ ಸಾಕು. ಆಗ ಗಾಬರಿಯಿಂದ ಸ್ಟಿಯರಿಂಗ್ ತಿರುಗಿಸಬಾರದು, ಆಕ್ಸಿಲರೇಟರ್ ಬಿಟ್ಟು ವೇಗ ತಾನಾಗಿ ಇಳಿಯಲು ಬಿಡಬೇಕು.

ಚುರಂನ ಕಷ್ಟ ಬೇರೆಯೇ. ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಲಕ್ಕಿಡಿಯಿಂದ ಅಡಿವಾರಂಗೆ ಇಳಿಯುವಾಗ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಲಕ್ಕಿಡಿ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಇಳಿತವನ್ನು 600 ಮೀಟರ್ ಎಂದೇ ಹಿಡಿಯಿರಿ. 4,000 ಕಿ.ಗ್ರಾಂ.ನ ಕ್ಯಾರವಾನ್, 600 ಕಿ.ಗ್ರಾಂ.ನ ಟ್ರೇಲರ್. ನಮ್ಮ mgh ಸೂತ್ರ ಹಾಕಿದರೆ ಸುಮಾರು 27 ಮೆಗಾಜೂಲ್. 20 ಡಿಗ್ರಿಯಲ್ಲಿರುವ 80 ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಬಲ್ಲ ಶಕ್ತಿ ಅದು! ಕೆಳಗೆ ತಲುಪುವಷ್ಟರಲ್ಲಿ ಅದೆಲ್ಲ ಎಲ್ಲಾದರೂ ಹೋಗಲೇಬೇಕು. ಸಣ್ಣ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ಬ್ರೇಕನ್ನೇ ಒತ್ತಿಕೊಂಡು ಬಂದರೆ ಲೈನಿಂಗ್ ಕಾದು ಘರ್ಷಣೆ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಅನಿಲವನ್ನು ಸಂಕುಚಿಸಬಹುದು, ದ್ರವವನ್ನು ಸಂಕುಚಿಸುವುದು ಬಹಳ ಕಷ್ಟ ಎಂದು ಪಾಠ ಮಾಡುತ್ತೇವಲ್ಲ, ಪೆಡಲ್ ಕಾಲಡಿಯಲ್ಲಿ ಮೆತ್ತಗಾಗುವುದು ಅದರಿಂದಲೇ.

ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಇನ್ನೊಂದು ಅಪಾಯ. ಮುಂದಿನ ಗಾಡಿ ಸೆಕೆಂಡಿಗೆ ಸೆಕೆಂಡಿಗೆ 3 ಮೀಟರ್‌ನಂತೆ ವೇಗ ಇಳಿಸಿದರೆ 600 ಕಿ.ಗ್ರಾಂ.ನ ಟ್ರೇಲರ್ ಹಿಂದಿನಿಂದ ಸುಮಾರು 1,800 ನ್ಯೂಟನ್ ಬಲದಲ್ಲಿ ನೂಕುತ್ತದೆ. ನೇರ ರಸ್ತೆಯಲ್ಲಿ ಅದು ಬರೀ ನೂಕು. ತಿರುವಿನಲ್ಲಿ ಟ್ರೇಲರ್ ಓರೆಯಾಗಿರುವುದರಿಂದ ಅದೇ ಬಲ ಮುಂದಿನ ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಜಾಣರು ಈ ನೂಕನ್ನೇ ಬಳಸಿಕೊಂಡಿದ್ದಾರೆ. ಕೊಂಡಿಯಲ್ಲಿ ಜಾರುವ ದಂಡವೊಂದನ್ನಿಟ್ಟು, ಟ್ರೇಲರ್ ನೂಕಿದಾಗ ಅದರದೇ ಬ್ರೇಕ್ ಬೀಳುವ ಹಾಗೆ ಮಾಡಿದ್ದಾರೆ. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಬ್ರೇಕ್ ಇರುವ ಟ್ರೇಲರ್ ಆದರೆ ಇಳಿದೀತು, ಇಲ್ಲದಿದ್ದರೆ ಲಕ್ಕಿಡಿಯಲ್ಲೇ ಬೈಕ್ ಇಳಿಸಿ ಬೇರೆಯಾಗಿ ಓಡಿಸಿಕೊಂಡು ಬರುವುದು ಮೇಲು.

ತಿರುವಿನಲ್ಲಿ ಟ್ರೇಲರ್ ಒಳಕ್ಕೆ ಎಷ್ಟು ಸರಿಯುತ್ತದೆ? ಪೈಥಾಗೊರಸ್ ಸಾಕು. ಮುಂದಿನ ಚಕ್ರ 10 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿದೆ, ಮುಂದಿನ ಮತ್ತು ಹಿಂದಿನ ಅಚ್ಚಿನ ನಡುವೆ 4 ಮೀಟರ್ ಅನ್ನಿ. 100ರಲ್ಲಿ 16 ಕಳೆದರೆ 84, ಹಿಂದಿನ ಅಚ್ಚಿನ ತ್ರಿಜ್ಯ 9.17. ಕೊಂಡಿ ಆ ಅಚ್ಚಿಗಿಂತ 2 ಮೀಟರ್ ಹಿಂದೆ: 84ಕ್ಕೆ 4 ಕೂಡಿಸಿ 88. ಅಲ್ಲಿಂದ ಟ್ರೇಲರ್ ಅಚ್ಚಿಗೆ 3 ಮೀಟರ್: 9 ಕಳೆದು 79, ತ್ರಿಜ್ಯ 8.89. ಅಂದರೆ ಕ್ಯಾರವಾನ್‌ನ ಹಿಂದಿನ ಚಕ್ರಕ್ಕಿಂತ 28 ಸೆಂಟಿಮೀಟರ್ ಮಾತ್ರ ಹೆಚ್ಚು ಒಳಗೆ. ನನಗೇ ಆಶ್ಚರ್ಯವಾಯಿತು. ಹಿಂದಕ್ಕೆ ಚಾಚಿದ ಬಾಲ ಇಲ್ಲಿ ಉಪಕಾರಿ. ಆದರೆ ಓಲಾಟ ಬಂದಾಗ ಅದೇ ಬಾಲ ಉದ್ದನೆಯ ಸನ್ನೆಯಾಗಿ ಮುಂದಿನ ಗಾಡಿಯನ್ನೂ ಅಲುಗಿಸುತ್ತದೆ. ತಿರುವಿನಲ್ಲಿ ಸಿಕ್ಕಿಕೊಂಡು ರಿವರ್ಸ್ ತೆಗೆಯಬೇಕಾಗಿ ಬಂದರಂತೂ ಮುಗಿಯಿತು. ಚುರಂನಲ್ಲಿ ಒಂದು ದೊಡ್ಡ ಗಾಡಿ ಅಡ್ಡ ನಿಂತರೆ ಗಂಟೆಗಟ್ಟಲೆ ಸಾಲು. ವಯನಾಡಿನ ರೋಗಿಗಳನ್ನು ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿಗೆ ಒಯ್ಯುವ ಆಂಬುಲೆನ್ಸೂ ಅದೇ ಸಾಲಿನಲ್ಲಿ ನಿಲ್ಲಬೇಕು.

ಪೆಟ್ಟಿಗೆಯೊಳಗಿನ ಬೈಕನ್ನು ಸೈಡ್ ಸ್ಟ್ಯಾಂಡ್ ನಂಬಿ ಬಿಡುವಂತಿಲ್ಲ. ಮುಂದಿನ ಚಕ್ರಕ್ಕೆ ಅಡೆ ಕೊಟ್ಟು, ನಾಲ್ಕು ಮೂಲೆಗೆ ಪಟ್ಟಿಗಳನ್ನು ಓರೆಯಾಗಿ ಎಳೆದು, ಮುಂದಿನ ಶಾಕ್ ಅಬ್ಸಾರ್ಬರ್ ಸ್ವಲ್ಪ ಕುಗ್ಗುವಷ್ಟು ಬಿಗಿಯಬೇಕು. ಪಟ್ಟಿಗಳು ಓರೆಯಾಗಿದ್ದರೆ ಬಲದ ಒಂದು ಭಾಗ ಕೆಳಕ್ಕೆ, ಇನ್ನೊಂದು ಪಕ್ಕಕ್ಕೆ ಹಂಚಿಹೋಗುತ್ತದೆ. ಇನ್ನು ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ನೆಲಮಟ್ಟದಲ್ಲೇ ನಿಲ್ಲುತ್ತದೆ. ಹಾಗಾಗಿ ಗಾಳಿಕಿಂಡಿ ಚಾವಣಿಯಲ್ಲಿ ಮಾತ್ರ ಇದ್ದರೆ ಸಾಲದು, ಕೆಳಗೂ ಇರಬೇಕು. ಬಾಗಿಲು ತೆರೆದ ಕೂಡಲೇ ಒಳಗೆ ಬೀಡಿ ಹಚ್ಚುವವರನ್ನು ದೂರ ನಿಲ್ಲಿಸಿ.